ಒಂದು ವೈರಸ್ಸಿನ ಪಾಠಾಂತರಗಳು

‘ಡಿಸ್ಟೆಂಪರ್’ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಗೋಡೆಗೆ ಬಳಿಯುವ ಬಣ್ಣ. ಹಬ್ಬಕ್ಕೋ ಮದುವೆಗೋ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಕೇಳಿಬರುವ ಮಾತು ಅದು. ನಾಯಿ ಸಾಕಿದವರಿಗೆ ಮಾತ್ರ ಅದೇ ಮಾತು ಎದೆ ನಡುಗಿಸುವಂಥದು. ಎರಡು ಹೆಸರುಗಳ ಮೂಲವೂ ಒಂದೇ: ಹದವಾಗಿ ಬೆರೆಸುವುದು ಎಂಬ ಅರ್ಥದ ಲ್ಯಾಟಿನ್ ಧಾತು. ಬಣ್ಣಕ್ಕೆ ಆ ಹೆಸರು ಬಂದದ್ದು ಬೆರೆಸುವ ಕ್ರಿಯೆಯಿಂದ. ರೋಗಕ್ಕೆ ಬಂದದ್ದು ಹದ ಕೆಟ್ಟದ್ದರಿಂದ. ದೇಹದ ರಸಗಳ ಬೆರಕೆ ಹದ ತಪ್ಪಿದರೆ ಕಾಯಿಲೆ ಹುಟ್ಟುತ್ತದೆ ಎಂದು ಹಳೆಯ ಯೂರೋಪಿನ ವೈದ್ಯರು ತಿಳಿದಿದ್ದರು. ವಾತ ಪಿತ್ತ ಕಫಗಳ ಏರುಪೇರನ್ನು ಕುರಿತ ನಮ್ಮ ಆಯುರ್ವೇದದ ಭಾವನೆ ಇದಕ್ಕೆ ಬಹಳ ದೂರದ್ದಲ್ಲ.

ರೋಗದ ಲಕ್ಷಣಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬೇಕು. ನಿನ್ನೆಯವರೆಗೆ ಅಂಗಳದಲ್ಲಿ ಕುಣಿಯುತ್ತಿದ್ದ ನಾಯಿಮರಿ ಇಂದು ಮೂಲೆ ಹಿಡಿದು ಮಲಗುತ್ತದೆ. ಮೈ ಸುಡುತ್ತದೆ. ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ಸಿಂಬಳ, ಕೆಮ್ಮು, ಭೇದಿ. ಕೆಲವು ದಿನ ಕಳೆದ ಮೇಲೆ ಗುಣವಾಯಿತು ಎಂದು ಮನೆಯವರು ಉಸಿರುಬಿಡುವಷ್ಟರಲ್ಲಿ ಕಾಲೋ ದವಡೆಯೋ ತಾನೇ ತಾನಾಗಿ ಅದುರತೊಡಗುತ್ತದೆ, ಅನಂತರ ಸೆಳವು. ಮಿದುಳಿಗೆ ರೋಗ ಏರಿದ ಮೇಲೆ ಉಳಿಯುವ ನಾಯಿಗಳು ಕಡಿಮೆ. ಉಳಿದರೂ ಆ ಅದುರುವಿಕೆ ಎಷ್ಟೋ ವೇಳೆ ಬದುಕಿರುವತನಕ ಬಿಡದು.

ನಾಯಿಯ ಕಾಯಿಲೆ ನಾಯಿಯದಾಗಿಯೇ ಉಳಿದಿದ್ದರೆ ಇಂದು ಅದನ್ನು ಕುರಿತು ಇಷ್ಟು ಹೊತ್ತು ಮಾತನಾಡುವ ಅಗತ್ಯವಿರಲಿಲ್ಲ. 2018ರ ಸೆಪ್ಟೆಂಬರ್ ತಿಂಗಳಲ್ಲಿ ಗುಜರಾತಿನ ಗಿರ್ ಅರಣ್ಯದ ಪೂರ್ವ ವಿಭಾಗದಲ್ಲಿ, ದಲ್ಖಾನಿಯಾ ಎಂಬ ವಲಯದಲ್ಲಿ, ಸಿಂಹಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಮೂರು ವಾರಗಳಷ್ಟು ಕಾಲದಲ್ಲಿ ಸತ್ತವು 23. ಕಾದಾಡಿ ಸತ್ತವು ಎಂಬ ಮಾತು ಮೊದಲು ಕೇಳಿಬಂತು. ಆದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳುಹಿಸಿದ ಮಾದರಿಗಳಲ್ಲಿ ಕಾಣಿಸಿಕೊಂಡದ್ದು ನಾಯಿಯ ಡಿಸ್ಟೆಂಪರ್ ವೈರಸ್ಸು. ಏಷ್ಯದ ಸಿಂಹಕ್ಕೆ ಇಡೀ ಭೂಮಂಡಲದಲ್ಲಿ ಸ್ವತಂತ್ರವಾಗಿ ಬದುಕಲು ಉಳಿದಿರುವ ನೆಲೆ ಅದೊಂದೇ. ಬೀದಿಯ ಮರಿಯನ್ನು ಕೊಲ್ಲುವ ಕಾಯಿಲೆ ಮೃಗರಾಜನ ಮನೆ ಬಾಗಿಲನ್ನು ತಟ್ಟಿದ್ದು ಹೇಗೆ? ಸಿಂಹದ ಮೈಯಲ್ಲಿ ಸಿಕ್ಕಿದ ವೈರಸ್ಸು ನಾಯಿಯ ಮೈಯಲ್ಲಿರುವುದೇ ಆಗಿತ್ತೇ, ಅಥವಾ ಎಲ್ಲೋ ಒಂದಿಷ್ಟು ಬದಲಾಗಿತ್ತೇ? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋಗುವುದೇ ಈ ಭಾಷಣದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ಸಿಡುಬಿಗೆ ದೇವಿ ಹಾಕುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಎಡ್ವರ್ಡ್ ಜೆನ್ನರ್ 1809ರಲ್ಲಿ ನಾಯಿಗಳ ಈ ವ್ಯಾಧಿಯನ್ನು ಕುರಿತು ಒಂದು ಲೇಖನವನ್ನು ಬರೆದ. ಇದು ಹುಚ್ಚುನಾಯಿ ರೋಗವಲ್ಲ, ಬೇರೆಯೇ ಒಂದು ರೋಗ ಎಂಬುದನ್ನು ಆತ ಲಕ್ಷಣಗಳಿಂದ ಬಿಡಿಸಿ ತೋರಿಸಿದ. 1905ರಲ್ಲಿ ಹೆನ್ರಿ ಕಾರ್ರೆ ಎಂಬ ಫ್ರೆಂಚ್ ಪಶುವೈದ್ಯ ರೋಗಿಷ್ಠ ನಾಯಿಯ ಮೂಗಿನ ಸ್ರಾವವನ್ನು ಬ್ಯಾಕ್ಟೀರಿಯಗಳೂ ನುಸುಳಲಾರದ ಶೋಧಕದಲ್ಲಿ ಸೋಸಿದ. ಸೋಸಿ ಇಳಿದ ತಿಳಿನೀರಿನಿಂದಲೂ ಆರೋಗ್ಯವಂತ ನಾಯಿಗಳಿಗೆ ರೋಗ ತಗಲಿತು. ಕಣ್ಣಿಗೆ ಕಾಣದ, ಸೂಕ್ಷ್ಮದರ್ಶಕಕ್ಕೂ ಸಿಕ್ಕದ ಯಾವುದೋ ಒಂದು ವಸ್ತು ಆ ನೀರಿನಲ್ಲಿದೆ ಎಂದು ಆತ ಸಾರಿದರೂ ಬಹುಕಾಲ ಎಲ್ಲರೂ ಒಪ್ಪಲಿಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ಬೇಟೆಗಾರರು, ನಾಯಿ ಸಾಕುವವರು ಚಂದಾ ಎತ್ತಿ ಕೊಟ್ಟ ಹಣದಿಂದ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಲೇಡ್ಲಾ ಮತ್ತು ಡಂಕಿನ್ ಎಂಬ ಇಬ್ಬರು ವಿಜ್ಞಾನಿಗಳು ಕಾರ್ರೆಯ ಮಾತು ಸರಿ ಎಂದು ಸಿದ್ಧಪಡಿಸಿ, ಲಸಿಕೆಯ ದಾರಿಯನ್ನೂ ತೆರೆದರು. ಅವರು ಪ್ರಯೋಗಕ್ಕೆ ಬಳಸಿದ್ದು ಫೆರೆಟ್ ಎಂಬ, ನೋಡಲು ಮುಂಗುಸಿಯನ್ನು ಹೋಲುವ ಪ್ರಾಣಿಯನ್ನು. ಡಿಸ್ಟೆಂಪರಿಗಾಗಿ ಸಾಕಿದ ಇದೇ ಫೆರೆಟ್ಟುಗಳ ಮೇಲೆ 1933ರಲ್ಲಿ ಮನುಷ್ಯನ ಇನ್‌ಫ್ಲುಯೆಂಜ ವೈರಸ್ಸೂ ಪತ್ತೆಯಾಯಿತು ಎಂಬುದು ಸ್ವಾರಸ್ಯದ ಸಂಗತಿ. ನಾಯಿಯ ಋಣ ಮನುಷ್ಯನ ಮೇಲೆ ಹೀಗೂ ಇದೆ.

ಈ ವೈರಸ್ಸಿನ ಬಂಧುಬಳಗವನ್ನೂ ತಿಳಿದುಕೊಳ್ಳಬೇಕು. ನಮ್ಮ ಮಕ್ಕಳಿಗೆ ಬರುವ ದಡಾರದ ವೈರಸ್ಸು ಇದರ ಹತ್ತಿರದ ದಾಯಾದಿ. ದನಗಳಿಗೆ ಬರುತ್ತಿದ್ದ ದೊಡ್ಡರೋಗದ ವೈರಸ್ಸು ಇನ್ನೊಬ್ಬ ದಾಯಾದಿ. ದಡಾರದ ಲಸಿಕೆಯನ್ನು ನಾಯಿಮರಿಗೆ ಹಾಕಿದರೆ ಡಿಸ್ಟೆಂಪರಿನಿಂದ ಒಂದು ಮಟ್ಟಿನ ರಕ್ಷಣೆ ದೊರೆಯುತ್ತದೆ. ನಂಟು ಅಷ್ಟು ನಿಕಟವಾದದ್ದು. ದೊಡ್ಡರೋಗ ಎಂಬ ಹೆಸರು ಹೊಸ ತಲೆಮಾರಿನವರಿಗೆ ಅಪರಿಚಿತ. ಆದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾದ ಕಥೆಯನ್ನು ಹಳ್ಳಿಯ ಹಿರಿಯರು ಹೇಳಿದ್ದುಂಟು. 1968ರಲ್ಲಿ ಅದು ಬಂಡೀಪುರ–ಮುದುಮಲೆ ಸೀಮೆಯ ಕಾಡಿಗೆ ನುಗ್ಗಿ ಕಾಟಿಗಳ ಹಿಂಡುಗಳನ್ನು ಸವರಿಹಾಕಿತು. ಊರದನದ ರೋಗ ಕಾಡಿನ ಕಾಟಿಗೆ ತಗಲಿದ ಆ ದುರಂತ, ಊರನಾಯಿಯ ರೋಗ ಕಾಡಿನ ಸಿಂಹಕ್ಕೆ ತಗಲಿದ ಈ ದುರಂತಕ್ಕೆ ಅಣ್ಣನಂತಿದೆ. ಲಸಿಕೆಯ ಬಲದಿಂದ 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ಅನಂತರ ಮನುಷ್ಯ ಹೀಗೆ ಪೂರ್ತಿಯಾಗಿ ತೊಡೆದುಹಾಕಿದ ರೋಗ ಅದೊಂದೇ. ಹಾಗಿದ್ದರೆ ತಮ್ಮನನ್ನೂ ಹಾಗೆಯೇ ತೊಡೆಯಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲಿಯೇ ಇದೆ ತೊಡಕು. ಆ ತೊಡಕನ್ನು ಅರಿಯಬೇಕಾದರೆ ವೈರಸ್ಸಿನ ಒಳಗನ್ನು ನೋಡಬೇಕು.

ವೈರಸ್ಸು ಎಂಬುದು ಒಂದು ಜೀವಿ ಎನ್ನುವುದಕ್ಕಿಂತ ಒಂದು ಬರಹ ಎಂದರೆ ಹೆಚ್ಚು ಸರಿಯಾದೀತು. ಪ್ರೋಟೀನು ಮತ್ತು ಕೊಬ್ಬಿನ ಹೊದಿಕೆಯೊಳಗೆ ಸುರುಳಿ ಸುತ್ತಿಟ್ಟ ಒಂದು ಓಲೆ. ಆರ್‌ಎನ್‌ಎ ಎಂಬ ರಾಸಾಯನಿಕದ ಎಳೆಯೇ ಆ ಓಲೆ. ಅದರ ವರ್ಣಮಾಲೆಯಲ್ಲಿ ಇರುವುದು ನಾಲ್ಕೇ ಅಕ್ಷರ. ಡಿಸ್ಟೆಂಪರ್ ವೈರಸ್ಸಿನ ಇಡೀ ಗ್ರಂಥ ಸುಮಾರು 15,690 ಅಕ್ಷರಗಳಷ್ಟು. ಅಚ್ಚು ಹಾಕಿದರೆ ವಾರಪತ್ರಿಕೆಯ ಕೆಲವು ಪುಟಗಳಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಆರು ಅಧ್ಯಾಯಗಳು, ಅಂದರೆ ಆರು ಜೀನುಗಳು. ಈ ಓಲೆಗೆ ತನ್ನನ್ನು ತಾನು ನಕಲು ಮಾಡಿಕೊಳ್ಳುವ ಶಕ್ತಿ ಇಲ್ಲ. ಇನ್ನೊಂದು ಪ್ರಾಣಿಯ ಜೀವಕೋಶದೊಳಕ್ಕೆ ಹೊಕ್ಕು, ಆ ಕೋಶದ ಸಾಮಗ್ರಿಯನ್ನು ಬಳಸಿ, ಲೆಕ್ಕವಿಲ್ಲದಷ್ಟು ಪ್ರತಿಗಳನ್ನು ತೆಗೆಸಿಕೊಂಡು ಹೊರಬೀಳುತ್ತದೆ.

ಪ್ರತಿ ತೆಗೆಯುವುದು ಎಂದೆ. ಸಾಹಿತ್ಯದ ಬಳಕೆಯುಳ್ಳ ನಿಮಗೆ ಈ ಮಾತು ಹೊಸದಲ್ಲ. ಕುಮಾರವ್ಯಾಸನ ಭಾರತದ ಓಲೆಯ ಪ್ರತಿಗಳು ನಾಡಿನ ಉದ್ದಗಲಕ್ಕೂ ಇದ್ದವು. ಒಬ್ಬ ಲಿಪಿಕಾರ ಒಂದು ಅಕ್ಷರವನ್ನು ತಪ್ಪಾಗಿ ಓದಿದ. ಇನ್ನೊಬ್ಬನಿಗೆ ತೂಕಡಿಕೆ ಬಂದು ಒಂದು ಸಾಲು ಬಿಟ್ಟುಹೋಯಿತು. ಆ ಪ್ರತಿಯನ್ನು ನೋಡಿ ಬರೆದ ಮುಂದಿನವನು ಆ ತಪ್ಪನ್ನೂ ಭಕ್ತಿಯಿಂದ ನಕಲು ಮಾಡಿದ. ಗ್ರಂಥಸಂಪಾದಕರು ಇಂಥ ಪಾಠಾಂತರಗಳನ್ನು ಕಲೆಹಾಕಿ ನೋಡುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಬಗೆಯ ಸ್ಖಾಲಿತ್ಯಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಂಡರೆ, ಎರಡೂ ಒಂದು ಮಾತೃಪ್ರತಿಯಿಂದ ಬಂದವು ಎಂದು ನಿಶ್ಚಯಿಸುತ್ತಾರೆ. ಹೀಗೆ ಪ್ರತಿಗಳ ವಂಶವೃಕ್ಷ ಸಿದ್ಧವಾಗುತ್ತದೆ. ವೈರಸ್ಸಿನ ವಿಜ್ಞಾನಿ ಮಾಡುವುದೂ ಅಕ್ಷರಶಃ ಇದನ್ನೇ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎಯ ನಕಲು ನಡೆಯುವಾಗ ತಪ್ಪನ್ನು ತಿದ್ದುವ ವ್ಯವಸ್ಥೆಯುಂಟು. ಡಿಸ್ಟೆಂಪರ್ ವೈರಸ್ಸಿನ ಲಿಪಿಕಾರನಿಗೆ ಕರಡು ತಿದ್ದುವ ಅಭ್ಯಾಸವೇ ಇಲ್ಲ. ಆದ್ದರಿಂದ ತಪ್ಪುಗಳು ನುಸುಳುತ್ತಲೇ ಇರುತ್ತವೆ. ಬಹುಪಾಲು ತಪ್ಪುಗಳು ವೈರಸ್ಸಿಗೇ ಮಾರಕ. ಆ ಪ್ರತಿಗಳು ಅಲ್ಲಿಗೇ ಅಳಿಯುತ್ತವೆ. ಕೆಲವು ಲೆಕ್ಕಕ್ಕಿಲ್ಲದವು, ಅವು ಗುರುತಿನ ಮಚ್ಚೆಯಂತೆ ಮುಂದಿನ ಪೀಳಿಗೆಗೆ ಸಾಗುತ್ತವೆ. ಎಲ್ಲೋ ಒಂದೊಂದು ವೈರಸ್ಸಿಗೆ ಹೊಸ ಬಾಗಿಲನ್ನು ತೆರೆಯುತ್ತವೆ.

ಲೋಕದ ನಾನಾ ಭಾಗಗಳಿಂದ ಸಂಗ್ರಹಿಸಿದ ಡಿಸ್ಟೆಂಪರ್ ವೈರಸ್ಸುಗಳನ್ನು ಹೀಗೆ ಓದಿ ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಅವುಗಳ ವಂಶವೃಕ್ಷದ ಕೊಂಬೆಗಳು ಬಹುಮಟ್ಟಿಗೆ ಭೂಪಟವನ್ನು ಅನುಸರಿಸುತ್ತವೆ. ಅಮೆರಿಕ ಒಂದು, ಅಮೆರಿಕ ಎರಡು, ಯೂರೋಪು, ಏಷ್ಯ ಒಂದು, ಏಷ್ಯ ಎರಡು, ಉತ್ತರಧ್ರುವ ಸೀಮೆಯದು, ದಕ್ಷಿಣ ಆಫ್ರಿಕದ್ದು, ಪೂರ್ವ ಆಫ್ರಿಕದ್ದು ಎಂದು ಮುಂತಾಗಿ ಅವುಗಳಿಗೆ ಹೆಸರು. ಭಾರತದ ನಾಯಿಗಳಲ್ಲಿ ಸಿಕ್ಕ ಕೆಲವನ್ನು ಬೇರೆಯೇ ಕೊಂಬೆಯಾಗಿ ಎಣಿಸಬೇಕೆಂಬ ಅಭಿಪ್ರಾಯವೂ ಇದೆ. ನಾಯಿಗಳಿಗೆ ಹಾಕುವ ಲಸಿಕೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ತಳಿಗಳು ಅಮೆರಿಕ ಒಂದು ಎಂಬ ಹಳೆಯ ಕೊಂಬೆಗೆ ಸೇರಿದವು. ಇಷ್ಟು ಕೊಂಬೆಗಳಿದ್ದರೂ ಲಸಿಕೆ ಪಡೆದ ನಾಯಿಯ ರಕ್ತ ಅವೆಲ್ಲವನ್ನೂ ಒಂದೇ ಶತ್ರುವೆಂದು ಗುರುತಿಸಬಲ್ಲದು ಎಂಬುದು ಸಮಾಧಾನದ ವಿಷಯ. ಕೆಲವು ಹೊಸ ಕೊಂಬೆಗಳ ಎದುರು ಹಳೆಯ ಲಸಿಕೆ ತುಸು ಮೆತ್ತಗಾಗುತ್ತದೆಯೇ ಎಂಬ ಚರ್ಚೆ ನಡೆದಿದೆ. ಆದರೆ ಮರಿಗೆ ಲಸಿಕೆ ಹಾಕಿಸುವುದನ್ನು ಬಿಡಲು ಅದು ನೆಪವಾಗಬಾರದು.

ಆರು ಅಧ್ಯಾಯಗಳಲ್ಲಿ ಅತ್ಯಂತ ಹೆಚ್ಚು ಪಾಠಾಂತರಗಳಿರುವುದು ಎಚ್ ಎಂಬ ಜೀನಿನಲ್ಲಿ. ವೈರಸ್ಸಿನ ಮೈಮೇಲೆ ಮುಳ್ಳುಗಳಂತೆ ಎದ್ದುನಿಂತಿರುವ ಒಂದು ಪ್ರೋಟೀನನ್ನು ಇದು ಕಟ್ಟುತ್ತದೆ. ಈ ಮುಳ್ಳೇ ಜೀವಕೋಶದ ಬೀಗಕ್ಕೆ ಹೊಂದುವ ಕೀಲಿಕೈ. ವೈರಸ್ಸು ಮೊದಲು ಹೋಗುವುದು, ವಿಚಿತ್ರವೆಂದರೆ, ದೇಹವನ್ನು ಕಾಯುವ ಬಿಳಿಯ ರಕ್ತಕಣಗಳ ಒಳಕ್ಕೆ. ಆ ಕಣಗಳ ಮೇಲಿರುವ ಸ್ಲ್ಯಾಮ್ ಎಂಬ ಪ್ರೋಟೀನೇ ಅದಕ್ಕೆ ಬೀಗ. ಕಾವಲುಗಾರನನ್ನೇ ಮೊದಲು ಕಟ್ಟಿಹಾಕಿ ಅನಂತರ ಮನೆಯನ್ನು ದೋಚುವ ಕಳ್ಳನ ರೀತಿ ಇದು. ಸ್ಲ್ಯಾಮ್ ಬೀಗ ನಾಯಿಯಲ್ಲಿಯೂ ಇದೆ, ಸಿಂಹದಲ್ಲಿಯೂ ಇದೆ. ಆದರೆ ನಾಯಿಯದೇ ಒಂದು ಅಚ್ಚು, ಸಿಂಹದ್ದೇ ಒಂದು ಅಚ್ಚು. ನಾಯಿಯ ಬೀಗಕ್ಕೆಂದು ಸವೆದು ಹದಗೊಂಡ ಕೀಲಿಕೈ ಸಿಂಹದ ಬೀಗದಲ್ಲಿ ತಿರುಗಬೇಕಾದರೆ ಅಲ್ಲಲ್ಲಿ ಅರ ಹಾಕಬೇಕಾಗಬಹುದು.

2007ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಆ ಅರ ಬಿದ್ದ ಗುರುತನ್ನು ತೋರಿಸಿತು. ಎಚ್ ಪ್ರೋಟೀನು ಆರುನೂರಕ್ಕೂ ಮೇಲ್ಪಟ್ಟು ಅಮೈನೊ ಆಮ್ಲಗಳ ಸರ. ಅದರಲ್ಲಿ 549ನೆಯ ಮಣಿ ನಾಯಿಗಳ ವೈರಸ್ಸಿನಲ್ಲಿ ಸಾಮಾನ್ಯವಾಗಿ ಟೈರೋಸಿನ್. ನಾಯಿಯ ಕುಲಕ್ಕೆ ಸೇರದ ಪ್ರಾಣಿಗಳಿಂದ ತೆಗೆದ ವೈರಸ್ಸುಗಳಲ್ಲಿ ಆ ಜಾಗದಲ್ಲಿ ಅನೇಕ ವೇಳೆ ಹಿಸ್ಟಿಡಿನ್. ಪ್ರೋಟೀನನ್ನು ಕಟ್ಟುವ ಸಂದೇಶದಲ್ಲಿ ಮೂರು ಮೂರು ಅಕ್ಷರಗಳು ಸೇರಿ ಒಂದು ಪದ. ಟೈರೋಸಿನ್ ಎಂಬುದರ ಪದ ಯು-ಎ-ಯು. ಹಿಸ್ಟಿಡಿನ್ ಎಂಬುದರದು ಸಿ-ಎ-ಯು. ಎಂದರೆ ಹದಿನೈದು ಸಾವಿರಕ್ಕೂ ಮೀರಿದ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಒಂದು ಒತ್ತು, ಒಂದು ಸೊನ್ನೆ ಹೆಚ್ಚುಕಡಿಮೆಯಾಗಿ ಕಾವ್ಯದ ಅರ್ಥವೇ ಬೇರೆಯಾದ ಉದಾಹರಣೆಗಳನ್ನು ಬಲ್ಲ ನಿಮಗೆ ಇದು ನಂಬಲಾಗದ ಮಾತಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದು ಅಕ್ಷರ ಬದಲಾಯಿತು, ಆದ್ದರಿಂದ ಸಿಂಹ ಸತ್ತಿತು ಎಂದು ಸೂತ್ರ ಕಟ್ಟಿಬಿಡುವುದು ಸುಲಭ. ಪ್ರಕೃತಿ ಅಷ್ಟು ಸರಳವಲ್ಲ. ಈ ಬದಲಾವಣೆ ಇಲ್ಲದ ವೈರಸ್ಸುಗಳೂ ನಾಯಿಯಲ್ಲದ ಪ್ರಾಣಿಗಳನ್ನು ಬಾಧಿಸಿದ ನಿದರ್ಶನಗಳು ಅನಂತರ ಸಿಕ್ಕಿವೆ. ಪೂರ್ವ ಆಫ್ರಿಕದ ಸೆರೆಂಗೆಟಿ ಬಯಲಿನ ಕಥೆ ಇದನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ.

ಸಿಂಹ, ಹುಲಿ, ಚಿರತೆಗಳಿಗೆ ಈ ರೋಗದ ಭಯವಿಲ್ಲ ಎಂದು ಬಹುಕಾಲ ತಿಳಿಯಲಾಗಿತ್ತು. 1990ರ ದಶಕದ ಆರಂಭದಲ್ಲಿ ಉತ್ತರ ಅಮೆರಿಕದಲ್ಲಿ ಬೋನಿನಲ್ಲಿದ್ದ ಕೆಲವು ದೊಡ್ಡ ಬೆಕ್ಕುಗಳು ಇದರಿಂದ ಸತ್ತಾಗ ಆ ನಂಬಿಕೆ ಅಲುಗಿತು. 1994ರಲ್ಲಿ ಟಾಂಜಾನಿಯದ ಸೆರೆಂಗೆಟಿಯಲ್ಲಿ ಅದು ಪೂರ್ತಿ ಕುಸಿಯಿತು. ಅಲ್ಲಿ ಸುಮಾರು 3,000 ಸಿಂಹಗಳಿದ್ದವು. ಸೆಳವು ಬಂದು ಬಿದ್ದು ಒದ್ದಾಡುವ ಸಿಂಹವನ್ನು ಪ್ರವಾಸಿಗರು ಕಂಡರು. ಕೆಲವು ತಿಂಗಳುಗಳಲ್ಲಿ ಅಲ್ಲಿನ ಸಿಂಹಗಳ ಮೂರರಲ್ಲೊಂದು ಭಾಗ ಇಲ್ಲವಾಯಿತು. ಕತ್ತೆಕಿರುಬಗಳೂ ನರಿಗಳೂ ಸತ್ತವು. ಉದ್ಯಾನದ ಸುತ್ತಣ ಹಳ್ಳಿಗಳಲ್ಲಿ ಸಾವಿರಾರು ನಾಯಿಗಳು. ವೈರಸ್ಸು ಅಲ್ಲಿಂದ ಬಂದಿತೆಂದು ವಿಜ್ಞಾನಿಗಳು ತರ್ಕಿಸಿದರು.

ಹಳೆಯ ದಾಸ್ತಾನಿನಲ್ಲಿದ್ದ ಸಿಂಹಗಳ ರಕ್ತದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಬೇರೊಂದು ಬೆರಗು ಕಾದಿತ್ತು. ಅದೇ ಸಿಂಹಗಳಿಗೆ ಅದಕ್ಕೂ ಹಿಂದೆ ಹಲವು ಬಾರಿ ಡಿಸ್ಟೆಂಪರ್ ಸೋಂಕು ತಗಲಿ, ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗಿತ್ತು! ಹಾಗಾದರೆ 1994ರಲ್ಲಿ ಮಾತ್ರ, ಮತ್ತೆ 2001ರಲ್ಲಿ ಅಲ್ಲಿಗೆ ಹತ್ತಿರದ ಎನ್‌ಗೊರೊಂಗೊರೊ ಕುಳಿಯಲ್ಲಿ, ಅದು ಅಷ್ಟು ಕ್ರೂರವಾದುದೇಕೆ? ಉತ್ತರ ಮಳೆಯಲ್ಲಿತ್ತು, ಅಥವಾ ಮಳೆ ಇಲ್ಲದ್ದರಲ್ಲಿತ್ತು. ಆ ಎರಡು ಸಲವೂ ಮುಂಚೆ ಭಾರಿ ಬರಗಾಲ ಬಿದ್ದಿತ್ತು. ಬರದಲ್ಲಿ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣೆಗಳು. ನಿತ್ರಾಣಗೊಂಡ ಎಮ್ಮೆಗಳನ್ನು ಸಿಂಹಗಳು ಯಥೇಚ್ಛವಾಗಿ ತಿಂದವು. ಉಣ್ಣೆಗಳು ಸಿಂಹದ ಮೈಗೆ ಹತ್ತಿದವು. ಅವುಗಳ ಮೂಲಕ ಬಬೀಸಿಯ ಎಂಬ ರಕ್ತದ ಪರೋಪಜೀವಿ ಸೇರಿತು. ಸಾಮಾನ್ಯ ದಿನಗಳಲ್ಲಿ ಸಿಂಹ ಅದನ್ನು ತಡೆದುಕೊಳ್ಳುತ್ತದೆ. ಆದರೆ ಡಿಸ್ಟೆಂಪರ್ ವೈರಸ್ಸು ಕಾವಲುಗಾರರನ್ನು ಕಟ್ಟಿಹಾಕಿದ ಹೊತ್ತಿಗೆ ಸರಿಯಾಗಿ ಈ ಎರಡನೆಯ ಶತ್ರು ಒಳನುಗ್ಗಿದರೆ? ಪಾಠಾಂತರ ಒಂದೇ ಸಾಲದು. ಅದನ್ನು ಓದುವ ಸಂದರ್ಭವೂ ಅರ್ಥವನ್ನು ನಿರ್ಣಯಿಸುತ್ತದೆ.

ಪಾಠಾಂತರದ ಅಧ್ಯಯನಕ್ಕೆ ಹಾಗಾದರೆ ಪ್ರಯೋಜನವೇನು ಎಂದರೆ, ಅದು ಅಪರಾಧಿಯ ಊರನ್ನು ಹೇಳುತ್ತದೆ. ಎರಡು ಉದಾಹರಣೆಗಳನ್ನು ನೋಡೋಣ. 1987–88ರಲ್ಲಿ ಸೈಬೀರಿಯದ ಬೈಕಲ್ ಸರೋವರದಲ್ಲಿ ಸೀಲ್ ಎಂಬ ಜಲಪ್ರಾಣಿಗಳು ಸಾವಿರಗಟ್ಟಲೆ ಸತ್ತವು. 1988ರಲ್ಲಿ ಯೂರೋಪಿನ ಉತ್ತರ ಸಮುದ್ರದ ತೀರಗಳಲ್ಲಿಯೂ ಹದಿನೇಳು ಹದಿನೆಂಟು ಸಾವಿರ ಸೀಲ್‌ಗಳ ಹೆಣ ಬಿದ್ದವು. ಕಾಲ ಒಂದೇ, ಪ್ರಾಣಿಯ ಕುಲ ಒಂದೇ, ಲಕ್ಷಣಗಳೂ ಒಂದೇ. ರೋಗ ಒಂದೇ ಎಂದು ಯಾರಾದರೂ ಹೇಳುತ್ತಿದ್ದರು. ವೈರಸ್ಸಿನ ಬರಹವನ್ನು ಓದಿದಾಗ, ಬೈಕಲ್‌ನದು ನಾಯಿಯ ಡಿಸ್ಟೆಂಪರ್ ವೈರಸ್ಸೇ, ಉತ್ತರ ಸಮುದ್ರದ್ದು ಅದುವರೆಗೆ ಯಾರೂ ಅರಿಯದಿದ್ದ ಇನ್ನೊಬ್ಬ ದಾಯಾದಿ ಎಂದು ತಿಳಿಯಿತು. ಅದಕ್ಕೆ ಸೀಲ್‌ನ ಡಿಸ್ಟೆಂಪರ್ ಎಂದೇ ಬೇರೆ ಹೆಸರಾಯಿತು.

ಎರಡನೆಯದು ರಷ್ಯದ ಪೂರ್ವದಂಚಿನ ಕಾಡಿನದು. 2003ರ ಕೊನೆಯಲ್ಲಿ ಅಲ್ಲಿ ಒಂದು ಹೆಣ್ಣುಹುಲಿ ಹಳ್ಳಿಯೊಳಕ್ಕೆ ನಡೆದು ಬಂದಿತು. ಮನುಷ್ಯರ ಸುಳಿವಿಗೇ ಮರೆಯಾಗುವ ಹುಲಿ ಅಂದು ಯಾರಿಗೂ ಹೆದರಲಿಲ್ಲ. ಯಾರ ಮೇಲೂ ಎರಗಲಿಲ್ಲ. ಬರಿದಾದ ನೋಟದಿಂದ ನಿಂತಿತ್ತು. ಅದು ಸತ್ತ ಮೇಲೆ ಮಿದುಳಿನಲ್ಲಿ ಸಿಕ್ಕಿದ್ದು ಡಿಸ್ಟೆಂಪರ್. 2010ರಲ್ಲಿ ಮತ್ತೆ ಕೆಲವು ಹುಲಿಗಳು ಹೀಗೆಯೇ ಹಾದಿಗೂ ಊರಿಗೂ ಬಂದವು. ಸಿಖೊಟೆ-ಅಲಿನ್ ರಕ್ಷಿತಾರಣ್ಯದಲ್ಲಿ 2007ರಲ್ಲಿ 38 ಇದ್ದ ಹುಲಿಗಳು 2012ರ ವೇಳೆಗೆ 9ಕ್ಕೆ ಇಳಿದವು. ಇಳಿತಕ್ಕೆ ಕಳ್ಳಬೇಟೆಯೇ ಮೊದಲಾದ ಕಾರಣಗಳೂ ಇರಬಹುದಾದರೂ ಡಿಸ್ಟೆಂಪರಿನ ಕೈ ಅದರಲ್ಲಿತ್ತೆಂಬುದು ನಿಶ್ಚಯ.

ಎಲ್ಲರ ಬೆರಳೂ ನಾಯಿಯ ಕಡೆ ತಿರುಗಿತು. ಹಳ್ಳಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿದರೆ ಹುಲಿ ಉಳಿಯಿತು ಎಂದು ತೋರುವುದು ಸಹಜ. ಆದರೆ ಹುಲಿಯ ವೈರಸ್ಸನ್ನೂ ಆ ಸೀಮೆಯ ನಾಯಿಗಳ ಹಾಗೂ ಸಣ್ಣ ಕಾಡುಪ್ರಾಣಿಗಳ ವೈರಸ್ಸುಗಳನ್ನೂ ಹೋಲಿಸಿ ನೋಡಿದವರು 2020ರಲ್ಲಿ ಬೇರೆಯೇ ತೀರ್ಮಾನವನ್ನು ಪ್ರಕಟಿಸಿದರು. ಹುಲಿಗೆ ಮುಖ್ಯವಾಗಿ ರೋಗ ಬರುತ್ತಿದ್ದುದು ನಾಯಿಯಿಂದಲ್ಲ; ಕಾಡಿನಲ್ಲಿಯೇ ಇರುವ ಸಣ್ಣಪುಟ್ಟ ಮಾಂಸಾಹಾರಿಗಳಿಂದ. ಅವುಗಳನ್ನು ಹಿಡಿದು ಲಸಿಕೆ ಹಾಕುವುದು ಆಗದ ಮಾತು. ಆದ್ದರಿಂದ ಹುಲಿಗೇ ಲಸಿಕೆ ಹಾಕುವುದು ಲೇಸು. ಸಣ್ಣ ಗುಂಪೊಂದರಲ್ಲಿ ವರ್ಷಕ್ಕೆ ಎರಡು ಹುಲಿಗಳಿಗೆ ಹಾಕಿದರೂ ಮುಂದಿನ ಐವತ್ತು ವರ್ಷಗಳಲ್ಲಿ ಆ ಗುಂಪು ಅಳಿಯುವ ಸಂಭವ ಮುಕ್ಕಾಲು ಪಾಲಿನಷ್ಟು ತಗ್ಗುತ್ತದೆ ಎಂದು ಅವರ ಲೆಕ್ಕ. ಸೆರೆಂಗೆಟಿಯಲ್ಲಿಯೂ ಇಂಥದೇ ಅನುಭವ. ಸುತ್ತಲ ನಾಯಿಗಳಿಗೆ ವರ್ಷಗಟ್ಟಲೆ ಲಸಿಕೆ ಹಾಕಿದ್ದರಿಂದ ನಾಯಿಗಳಿಗೆ ಉಪಕಾರವಾಯಿತು. ಸಿಂಹಗಳಿಗೆ ಸೋಂಕು ತಗಲುವುದು ಮಾತ್ರ ನಿಲ್ಲಲಿಲ್ಲ. ದನದ ದೊಡ್ಡರೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ದೊಡ್ಡರೋಗದ ಬೇರು ದನದ ಕೊಟ್ಟಿಗೆಯಲ್ಲಿತ್ತು. ದನಕ್ಕೆ ಲಸಿಕೆ ಹಾಕಿದಾಗ ಕಾಡಿನಲ್ಲಿಯೂ ಒಣಗಿತು. ಡಿಸ್ಟೆಂಪರಿನ ಬೇರು ಹಲವು ಹೊಲಗಳಲ್ಲಿ ಹರಡಿದೆ: ನಾಯಿ, ನರಿ, ತೋಳ, ಫೆರೆಟ್, ಸೀಲ್, ಕತ್ತೆಕಿರುಬ. ಚೀನ ಮತ್ತು ಜಪಾನುಗಳಲ್ಲಿ ಸಾಕಿದ ಮಂಗಗಳೂ ಇದರಿಂದ ಸತ್ತದ್ದುಂಟು.

ಮಂಗ ಎಂದೊಡನೆ ನಮ್ಮ ಪಾಡೇನು ಎಂಬ ಪ್ರಶ್ನೆ ಏಳುತ್ತದೆ. ಮನುಷ್ಯರಲ್ಲಿ ಡಿಸ್ಟೆಂಪರ್ ರೋಗ ಕಂಡುಬಂದಿಲ್ಲ. ದಡಾರ ಬಂದು ಹೋದವರಿಗೂ ದಡಾರದ ಲಸಿಕೆ ಪಡೆದವರಿಗೂ ದಾಯಾದಿಯ ವಿರುದ್ಧ ರಕ್ಷಣೆ ಇರುವುದು ಇದಕ್ಕೆ ಒಂದು ಕಾರಣವೆಂದು ಎಣಿಸಲಾಗಿದೆ. ದಡಾರ ಒಂದು ದಿನ ಪೂರ್ತಿ ಅಳಿದುಹೋದರೂ ಅದರ ಲಸಿಕೆಯನ್ನು ಅವಸರದಿಂದ ಕೈಬಿಡಬೇಡಿ ಎಂದು ಕೆಲವು ವಿಜ್ಞಾನಿಗಳು ಎಚ್ಚರಿಸುವುದು ಇದಕ್ಕಾಗಿಯೇ.

ಲಸಿಕೆ ಎಂದರೆ ಕಾಡಿಗೆ ಹೋಗಿ ಚುಚ್ಚಿ ಬರುವ ಕೆಲಸವಲ್ಲ. ನಾಯಿಯ ಲಸಿಕೆಯಲ್ಲಿರುವುದು ಸಾಧುಗೊಳಿಸಿದ ಜೀವಂತ ವೈರಸ್ಸು. ಅದು ನಾಯಿಗೆ ಸಾಧು. ಬೇರೆ ಪ್ರಾಣಿಗೆ ಸಾಧುವೆಂಬ ಭರವಸೆ ಇಲ್ಲ. ಅಮೆರಿಕದ ಕರಿಗಾಲಿನ ಫೆರೆಟ್ ಅಳಿವಿನ ಅಂಚಿಗೆ ಬಂದಿದ್ದಾಗ, 1970ರ ದಶಕದ ಆರಂಭದಲ್ಲಿ ಸಂರಕ್ಷಣೆಗೆಂದು ಹಿಡಿದು ತಂದ ಆರು ಪ್ರಾಣಿಗಳಲ್ಲಿ ನಾಲ್ಕು, ಕಾಪಾಡಲು ಹಾಕಿದ ಲಸಿಕೆಯಿಂದಲೇ ಡಿಸ್ಟೆಂಪರ್ ಹಿಡಿದು ಸತ್ತವು. ಅನಂತರ ವಯೋಮಿಂಗ್ ಪ್ರಾಂತದಲ್ಲಿ ಪತ್ತೆಯಾದ ಕೊನೆಯ ಗುಂಪಿಗೆ 1985ರಲ್ಲಿ ನಿಜವಾದ ರೋಗವೇ ತಗಲಿತು. 1987ರ ವೇಳೆಗೆ ಉಳಿದಿದ್ದ 18 ಪ್ರಾಣಿಗಳನ್ನೂ ಹಿಡಿದು ತಂದು, ಅವುಗಳ ಸಂತಾನದಿಂದ ಆ ಜಾತಿಯನ್ನು ಮತ್ತೆ ಕಾಡಿಗೆ ಬಿಡಬೇಕಾಯಿತು. ಆ ಕಹಿ ಅನುಭವದಿಂದ ಕಲಿತು ಇಡೀ ವೈರಸ್ಸನ್ನು ಬಳಸದೆ, ಅದರ ಒಂದೆರಡು ಜೀನುಗಳನ್ನು ಮಾತ್ರ ಸಸ್ತನಿಗಳಲ್ಲಿ ಬೆಳೆಯಲಾರದ ಹಕ್ಕಿಯ ವೈರಸ್ಸಿಗೆ ಸೇರಿಸಿ ಮಾಡಿದ ಲಸಿಕೆ ಬಂದಿದೆ. ಗ್ರಂಥದ ಒಂದೆರಡು ಅಧ್ಯಾಯ ತೋರಿಸಿದರೆ ಸಾಕು, ದೇಹ ಗ್ರಂಥಕರ್ತನನ್ನು ಗುರುತು ಹಿಡಿಯುತ್ತದೆ. 2018ರಲ್ಲಿ ಗಿರ್‌ನ ಸಿಂಹಗಳಿಗಾಗಿ ಅಮೆರಿಕದಿಂದ ಲಸಿಕೆಯನ್ನು ತರಿಸಿಕೊಳ್ಳಲಾಯಿತು.

ಇನ್ನು ಗಿರ್‌ಗೆ ಹಿಂದಿರುಗೋಣ. ಅಲ್ಲಿ ಸಿಕ್ಕಿದ ವೈರಸ್ಸಿನ ಬರಹವನ್ನು ಪುಣೆಯ ವಿಜ್ಞಾನಿಗಳು ಓದಿದಾಗ ಅದು ಪೂರ್ವ ಆಫ್ರಿಕದ ಕೊಂಬೆಗೆ ಹತ್ತಿರವಾಗಿ ಕಂಡಿತು. ಸೆರೆಂಗೆಟಿಯ ಕೊಲೆಗಾರನೇ ಹಡಗು ಹತ್ತಿ ಬಂದ ಎಂದು ಇದರ ಅರ್ಥವಲ್ಲ. ಎರಡು ಪ್ರತಿಗಳು ಹೋಲುತ್ತವೆ ಎಂದರೆ ಹಿಂದೆಂದೋ ಒಂದು ಮಾತೃಪ್ರತಿ ಇದ್ದಿತು ಎಂದಷ್ಟೇ ಅರ್ಥ. ಆ ಪ್ರತಿ ಯಾವ ದಾರಿಯಿಂದ, ಯಾವ ಕೈಯಿಂದ ಕೈಗೆ ಬಂದಿತು ಎಂಬುದನ್ನು ಹೇಳಲು ನಡುವಣ ಪ್ರತಿಗಳೆಲ್ಲ ಬೇಕು. ನಮ್ಮ ದೇಶದ ನಾಯಿ, ನರಿ, ಕಿರುಬಗಳ ವೈರಸ್ಸುಗಳನ್ನು ಊರೂರಿಗೆ ಸಂಗ್ರಹಿಸಿ ಓದಿಡುವ ಕೆಲಸ ಆದಷ್ಟೂ ಈ ಪ್ರಶ್ನೆಗೆ ಉತ್ತರ ಹತ್ತಿರವಾಗುತ್ತದೆ. ಗಿರ್‌ನ ಸಿಂಹಗಳಿಗೆ ಲಸಿಕೆಯೋ, ಸುತ್ತಣ ನಾಯಿಗಳಿಗೆ ಲಸಿಕೆಯೋ, ಎರಡೂ ಬೇಕೋ ಎಂಬ ನಿರ್ಧಾರ ನಿಂತಿರುವುದು ಆ ಓದಿನ ಮೇಲೆ.

ಅದಕ್ಕಿಂತ ಆಳವಾದ ಇನ್ನೊಂದು ಸಂಗತಿಯಿದೆ. ವೈರಸ್ಸಿಗೆ ಪಾಠಾಂತರಗಳು ಎಷ್ಟು ಬೇಕಾದರೂ ಇವೆ. ಗಿರ್‌ನ ಸಿಂಹಕ್ಕೆ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಪಸಂಖ್ಯೆಗೆ ಕುಗ್ಗಿ ಮತ್ತೆ ಚೇತರಿಸಿಕೊಂಡ ಈ ಸಿಂಹಗಳೆಲ್ಲ ಕೆಲವೇ ಪೂರ್ವಜರ ಸಂತಾನ. ಅವುಗಳ ಜೀನುಗಳಲ್ಲಿ ವೈವಿಧ್ಯ ಬಹಳ ಕಡಿಮೆ. ಒಂದೇ ಅಚ್ಚಿನ ಬೀಗಗಳು ಎಂದಾದರೆ, ಒಂದಕ್ಕೆ ಹೊಂದಿದ ಕೀಲಿಕೈ ಎಲ್ಲಕ್ಕೂ ಹೊಂದೀತು. ಅವುಗಳ ಸಂಖ್ಯೆ 2020ರಲ್ಲಿ 674, 2025ರ ಗಣತಿಯಲ್ಲಿ 891. ಇದು ಹೆಮ್ಮೆಯ ಬೆಳವಣಿಗೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಸಿಂಹಗಳು ಇಂದು ರಕ್ಷಿತಾರಣ್ಯದ ಹೊರಗೆ, ಹೊಲ ತೋಟಗಳ ನಡುವೆ, ಊರನಾಯಿಗಳ ನೆರೆಯಲ್ಲಿ ಬದುಕುತ್ತಿವೆ. ಎಲ್ಲವೂ ಸೌರಾಷ್ಟ್ರದ ಒಂದೇ ನೆಲದಲ್ಲಿ. ಕೆಲವನ್ನು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ಸಾಗಿಸಿ ಎರಡನೆಯ ನೆಲೆಯನ್ನು ಕಟ್ಟಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪು ನೀಡಿತು. 2022ರಲ್ಲಿ ಕೂನೋಗೆ ಆಫ್ರಿಕದಿಂದ ಚೀತಾಗಳು ಬಂದವು. ಗಿರ್‌ನ ಸಿಂಹಗಳು ಬರಲಿಲ್ಲ. ಬಿತ್ತನೆಯ ಕಾಳನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬಿಟ್ಟು ನೀರು ನುಗ್ಗದಿರಲೆಂದು ಕೈಮುಗಿಯುವ ರೈತನನ್ನು ನಾವು ಜಾಣನೆನ್ನುವುದಿಲ್ಲ. ಕಾವ್ಯದ ವಿಷಯದಲ್ಲಂತೂ ಒಂದೇ ಪ್ರತಿಯಲ್ಲಿ ಉಳಿದು, ಆ ಪ್ರತಿ ಗೆದ್ದಲಿಗೆ ತುತ್ತಾಗಿ, ಹೆಸರು ಮಾತ್ರ ನಮಗೆ ದಕ್ಕಿದ ಗ್ರಂಥಗಳ ನೋವನ್ನು ಕನ್ನಡಿಗರಾದ ನಾವು ಬಲ್ಲೆವು.

ಕೊನೆಯದಾಗಿ ನಾಯಿಯ ಪರವಾಗಿ ಒಂದು ಮಾತು. ಈ ಕಥೆಯಲ್ಲಿ ನಾಯಿ ಅಪರಾಧಿಯಲ್ಲ, ಮೊದಲನೆಯ ಬಲಿ. ವೈರಸ್ಸಿನ ಹೊರಹೊದಿಕೆ ದುರ್ಬಲ. ಬಿಸಿಲಿಗೆ, ಒಣಹವೆಗೆ, ಸೋಪಿನ ನೀರಿಗೆ ಬೇಗ ಸಾಯುತ್ತದೆ. ಅದು ಬದುಕಿ ಉಳಿಯಬೇಕಾದರೆ ಉಸಿರಿನಿಂದ ಉಸಿರಿಗೆ ದಾಟುತ್ತಲೇ ಇರಬೇಕು; ದಾಟಲು ರಕ್ಷಣೆಯಿಲ್ಲದ ಹೊಸ ಮರಿಗಳು ಸಿಗುತ್ತಲೇ ಇರಬೇಕು. ಆ ಮರಿಗಳನ್ನು ಹುಟ್ಟಲು ಬಿಟ್ಟು, ಲಸಿಕೆ ಹಾಕಿಸದೆ, ಬೀದಿಗೆ ಬಿಟ್ಟವರು ನಾವು. ಮರಿಗೆ ಆರು ಎಂಟು ವಾರವಾದಾಗ ಮೊದಲ ಲಸಿಕೆ, ಆಮೇಲೆ ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ. ಕಾಡಿನ ಅಂಚಿನ ಹಳ್ಳಿಯಲ್ಲಿ ಇದು ಆ ಮನೆಯ ನಾಯಿಯೊಂದನ್ನೇ ಕಾಯುವ ಕೆಲಸವಲ್ಲ. ಆ ನಾಯಿಯ ಮೈಯಲ್ಲಿ ತೆಗೆಯದೆ ಹೋದ ಪ್ರತಿಗಳಲ್ಲಿ, ಒಂದು ಅಕ್ಷರ ತಪ್ಪಿ ಕಾಡಿನ ಬಾಗಿಲಿಗೆ ಹೊಂದಬಹುದಾಗಿದ್ದ ಪ್ರತಿಯೂ ಒಂದು ಇದ್ದಿರಬಹುದು.